ಲೆಕ್ಕದ ಹಾಳೆ ನಡೆದುಬಂದ ದಾರಿ

ಸ್ಪ್ರೆಡ್‌ಶೀಟ್ ಎಂಬ ಹೆಸರು ಕಂಪ್ಯೂಟರಿಗಿಂತ ಹಳೆಯದು. ಲೆಕ್ಕದ ಪುಸ್ತಕ ಬಿಚ್ಚಿದಾಗ ಎಡಬಲದ ಎರಡೂ ಪುಟಗಳ ಮೇಲೆ ಹರಡಿಕೊಳ್ಳುವಷ್ಟು ಅಗಲದ, ಉದ್ದಗೆರೆ ಅಡ್ಡಗೆರೆ ಎಳೆದ ಹಾಳೆಯನ್ನು ಅಮೆರಿಕದ ಲೆಕ್ಕಿಗರು ಹಾಗೆ ಕರೆಯುತ್ತಿದ್ದರು. ಖರ್ಚಿನ ಬಾಬ್ತುಗಳು ಮೇಲ್ಗಡೆ ಸಾಲಾಗಿ, ರಸೀದಿಗಳು ಎಡಗಡೆ ಒಂದರ ಕೆಳಗೊಂದಾಗಿ, ಎರಡೂ ಕೂಡುವ ಮನೆಯಲ್ಲಿ ಹಣದ ಮೊತ್ತ. ಕೊನೆಯ ಸಾಲಿನಲ್ಲಿ ಕೆಳಮುಖದ ಕೂಡುವಿಕೆ, ಕೊನೆಯ ಕಾಲಮ್ಮಿನಲ್ಲಿ ಅಡ್ಡ ಕೂಡುವಿಕೆ. ಎರಡೂ ಮೊತ್ತಗಳು ಮೂಲೆಯ ಒಂದೇ ಮನೆಯಲ್ಲಿ ತಾಳೆಯಾದರೆ ಲೆಕ್ಕ ಸರಿ. ಇಂದು ಪರದೆಯ ಮೇಲೆ ಕಾಣುವ ಹಾಳೆಯೂ ಇದೇ. ಅದರ ಮೇಲೆ ನಡೆಯುವ ಕೆಲಸವೂ ಹಳೆಯ ಮೂರೇ ಕೆಲಸ: ಹೊರಗಿನ ದತ್ತಾಂಶವನ್ನು ಒಳಗೆ ತರುವುದು, ತಂದದ್ದನ್ನು ಹಸನು ಮಾಡುವುದು, ಹಸನಾದದ್ದರಿಂದ ಗೋಷ್ವಾರೆ ಕಟ್ಟುವುದು. ಈ ಮೂರೂ ಕೆಲಸಗಳ ಇತಿಹಾಸವನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯಂತ್ರ ಸದ್ದಿಲ್ಲದೆ ಊಹಿಸಿದಾಗ ಅಥವಾ ಸದ್ದಿಲ್ಲದೆ ಬಿಟ್ಟುಹಾಕಿದಾಗ ಲೆಕ್ಕ ಕೆಟ್ಟಿದೆ. ಮಾಡಿದ್ದನ್ನು ತೋರಿಸಿದಾಗ ಲೆಕ್ಕ ಉಳಿದಿದೆ.

ಮೂರು ಪುಸ್ತಕಗಳು

1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಗಣಿತಗ್ರಂಥವೊಂದರಲ್ಲಿ ಲೂಕಾ ಪಚೋಲಿ ಎಂಬ ಪಾದ್ರಿ ಅಲ್ಲಿನ ವರ್ತಕರು ಲೆಕ್ಕ ಇಡುತ್ತಿದ್ದ ಕ್ರಮವನ್ನು ವಿವರಿಸಿದರು. ವರ್ತಕರ ಬಳಿ ಮೂರು ಪುಸ್ತಕಗಳಿರುತ್ತಿದ್ದವು. ಮೊದಲನೆಯದರಲ್ಲಿ ವ್ಯವಹಾರ ನಡೆದ ಹಾಗೆಯೇ, ಯಾವ ಊರಿನ ನಾಣ್ಯದಲ್ಲಿ ನಡೆಯಿತೋ ಆ ನಾಣ್ಯದಲ್ಲೇ, ಅಂಗಡಿಯಲ್ಲಿದ್ದವರು ಯಾರು ಬೇಕಾದರೂ ಬರೆಯುತ್ತಿದ್ದರು. ಎರಡನೆಯದರಲ್ಲಿ ಅದನ್ನು ಒಂದೇ ನಾಣ್ಯಕ್ಕೆ ಇಳಿಸಿ, ಕೊಟ್ಟವರು ಯಾರು, ಪಡೆದವರು ಯಾರು ಎಂದು ಬಿಡಿಸಿ ಕ್ರಮವಾಗಿ ಬರೆಯುತ್ತಿದ್ದರು. ಮೂರನೆಯದರಲ್ಲಿ ಒಂದೊಂದು ಖಾತೆಗೂ ಅದರ ಪಾಲಿನ ಮೊತ್ತ ಸೇರುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಕಚ್ಚಾ ದತ್ತಾಂಶ, ಎರಡನೆಯದು ಹಸನಾದ ದತ್ತಾಂಶ, ಮೂರನೆಯದು ಸಾರಾಂಶ. ಎರಡನೆಯ ಪುಸ್ತಕ ಬರೆದಾಯಿತೆಂದು ಮೊದಲನೆಯದನ್ನು ಹರಿದು ಎಸೆಯುತ್ತಿರಲಿಲ್ಲ ಎಂಬುದೇ ಈ ಕ್ರಮದ ತಿರುಳು.

ಕನ್ನಡನಾಡಿನ ಲೆಕ್ಕಕ್ಕೂ ಇಂಥದೇ ಶಬ್ದಗಳಿವೆ. ದಿನದ ವ್ಯವಹಾರಕ್ಕೆ ಕಿರ್ದಿ, ಹೆಸರುವಾರು ಲೆಕ್ಕಕ್ಕೆ ಖಾತೆ, ಒಟ್ಟು ಸಾರಕ್ಕೆ ಗೋಷ್ವಾರೆ. ಹಿಂದೆ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಕರಿಯ ಮೈಮೇಲೆ ಬಳಪದಿಂದ ಬರೆದರೆ ಅದೇ ಕಡತ. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಆಕರ. ವಸ್ತು ಬಳಕೆ ತಪ್ಪಿದರೂ ಹೆಸರು ಸರ್ಕಾರಿ ಕಚೇರಿಯ ಫೈಲಿಗೆ ಅಂಟಿಕೊಂಡು ಉಳಿದಿದೆ. ಶಾಯಿಯ ಪುಸ್ತಕಗಳು ಬಂದ ಮೇಲೆ ಇನ್ನೊಂದು ಶಿಸ್ತು ಗಟ್ಟಿಯಾಯಿತು. ತಪ್ಪಿದ ಅಂಕಿಯನ್ನು ಉಜ್ಜಿ ಅಳಿಸುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ತಿದ್ದಿದವರು ಸಹಿ ಹಾಕಬೇಕು. ತಿದ್ದುಪಡಿ ಕಣ್ಣಿಗೆ ಕಾಣುವಂತಿರಬೇಕು ಎಂಬ ಈ ನಿಯಮವೇ ದತ್ತಾಂಶ ಶುದ್ಧಿಯ ಮೊದಲ ಪಾಠ.

ಗಂಟೆ ಬಾರಿಸುವ ಯಂತ್ರ

ದತ್ತಾಂಶ ಎಣಿಸುವ ಕೆಲಸ ಯಂತ್ರದ ಕೈಗೆ ದೊಡ್ಡ ಪ್ರಮಾಣದಲ್ಲಿ ಹೋದದ್ದು 1890ರ ಅಮೆರಿಕದ ಜನಗಣತಿಯಲ್ಲಿ. ಅದಕ್ಕೆ ಮುಂಚಿನ 1880ರ ಗಣತಿಯ ಲೆಕ್ಕ ಕೈಯಲ್ಲೇ ನಡೆದು ಮುಗಿಯಲು ಏಳೆಂಟು ವರ್ಷ ಹಿಡಿದಿತ್ತು. ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ರಟ್ಟಿನ ಕಾರ್ಡು ಮಾಡಿ, ವಯಸ್ಸು, ಲಿಂಗ, ಹುಟ್ಟಿದ ಊರು, ಕಸುಬು ಎಲ್ಲವನ್ನೂ ಅದರಲ್ಲಿ ತೂತುಗಳಾಗಿ ಗುರುತಿಸುವ ಉಪಾಯ ಹೂಡಿದ. ಕಾರ್ಡನ್ನು ಯಂತ್ರದಲ್ಲಿಟ್ಟು ಹಿಡಿ ಒತ್ತಿದರೆ ಸೂಜಿಗಳು ತೂತುಗಳ ಮೂಲಕ ಇಳಿದು ಪಾದರಸದ ಬಟ್ಟಲು ಮುಟ್ಟುತ್ತಿದ್ದವು. ವಿದ್ಯುತ್ ಹರಿದು ಮುಳ್ಳೊಂದು ಒಂದು ಮನೆ ಮುಂದೆ ಸರಿಯುತ್ತಿತ್ತು. ಹೀಗೆ 6 ಕೋಟಿ 26 ಲಕ್ಷ ಜನರ ಎಣಿಕೆ ನಡೆಯಿತು.

ಆ ಯಂತ್ರದಲ್ಲೊಂದು ಗಂಟೆಯಿತ್ತು. ಕಾರ್ಡು ಸರಿಯಾಗಿ ಎಣಿಕೆಗೆ ಸೇರಿದರೆ ಗಂಟೆ ಬಾರಿಸುತ್ತಿತ್ತು. ಬಾರಿಸದಿದ್ದರೆ ತೂತಿನಲ್ಲಿ ಏನೋ ತಪ್ಪಿದೆ ಎಂದರ್ಥ. ಗುಮಾಸ್ತರು ಆ ಕಾರ್ಡನ್ನು ಬದಿಗಿಟ್ಟು ಮೂಲದೊಂದಿಗೆ ಹೋಲಿಸಿ ನೋಡುತ್ತಿದ್ದರು. ಮುಂದಿನ ದಶಕಗಳಲ್ಲಿ ಕಾರ್ಡಿನ ಲೆಕ್ಕ ಕಚೇರಿಗಳಿಗೆ ಹಬ್ಬಿದಾಗ ಇನ್ನೂ ಎರಡು ಕಾವಲುಗಳು ಬಂದವು. ಒಬ್ಬರು ತೂತು ಹಾಕಿದ ಕಾರ್ಡನ್ನು ಇನ್ನೊಬ್ಬರು ಅದೇ ಮೂಲ ನೋಡಿ ಮತ್ತೊಮ್ಮೆ ಒತ್ತಿ ಪರೀಕ್ಷಿಸುವುದು ಒಂದು. ಎರಡೂ ಹೊಂದದಿದ್ದರೆ ಯಂತ್ರ ಅಲ್ಲೇ ತಡೆಯುತ್ತಿತ್ತು. ಕಾರ್ಡುಗಳ ಕಟ್ಟಿನ ಜೊತೆಗೇ ಒಟ್ಟು ಕಾರ್ಡೆಷ್ಟು, ಒಟ್ಟು ಮೊತ್ತವೆಷ್ಟು ಎಂಬ ಚೀಟಿ ಇಡುವುದು ಇನ್ನೊಂದು. ಯಂತ್ರದಿಂದ ಹೊರಬಂದ ಮೊತ್ತ ಆ ಚೀಟಿಗೆ ತಾಳೆಯಾಗದೆ ಕಟ್ಟು ಮುಂದೆ ಹೋಗುವಂತಿರಲಿಲ್ಲ.

ಪರದೆಯ ಮೇಲಿನ ಹಾಳೆ

ಲೆಕ್ಕದ ಹಾಳೆಯನ್ನು ಕಂಪ್ಯೂಟರಿಗೆ ಒಪ್ಪಿಸುವ ಯೋಚನೆ 1961ರಲ್ಲೇ ರಿಚರ್ಡ್ ಮ್ಯಾಟೆಸಿಚ್ ಎಂಬ ಪ್ರಾಧ್ಯಾಪಕರ ಲೇಖನದಲ್ಲಿ ಕಾಣಿಸಿಕೊಂಡಿತು. 1969ರಲ್ಲಿ ರೆನೆ ಪಾರ್ಡೊ ಮತ್ತು ರೆಮಿ ಲ್ಯಾಂಡೊ ದೊಡ್ಡ ಕಂಪ್ಯೂಟರುಗಳಿಗಾಗಿ ಲ್ಯಾನ್‌ಪಾರ್ ಎಂಬ ಪ್ರೋಗ್ರಾಂ ಬರೆದರು. ಆದರೆ ಸಾಮಾನ್ಯ ಬಳಕೆದಾರರ ಮೇಜಿಗೆ ಹಾಳೆ ಬಂದದ್ದು ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್ಸ್‌ಟನ್ ಅವರಿಂದ.

1978ರಲ್ಲಿ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ. ಒಂದು ಕಂಪನಿಯ ಲಾಭನಷ್ಟದ ಲೆಕ್ಕ ಹಾಕುವಾಗ ಕರಿಹಲಗೆಯ ಮೇಲೆ ಒಂದು ಅಂಕಿ ಬದಲಾದರೆ ಅದನ್ನು ನೆಚ್ಚಿಕೊಂಡಿದ್ದ ಎಲ್ಲ ಮನೆಗಳನ್ನೂ ಒರೆಸಿ ಮತ್ತೆ ಬರೆಯಬೇಕಾಗುತ್ತಿತ್ತು. ಒಂದು ಮನೆ ತಿದ್ದಿದರೆ ಉಳಿದವು ತಾವಾಗಿ ತಿದ್ದಿಕೊಳ್ಳುವ ಕರಿಹಲಗೆ ಇದ್ದರೆ ಎಂಬ ಆಸೆ ಅಲ್ಲಿ ಹುಟ್ಟಿತು. ಬ್ರಿಕ್ಲಿನ್ ನಕಾಶೆ ಹಾಕಿದರು, ಫ್ರಾಂಕ್ಸ್‌ಟನ್ ಮ್ಯಾಸಚೂಸೆಟ್ಸಿನ ಆರ್ಲಿಂಗ್ಟನ್ ಊರಿನ ಮನೆಯೊಂದರ ಅಟ್ಟದಲ್ಲಿ ಕೂತು ಪ್ರೋಗ್ರಾಂ ಬರೆದರು. ಬೇರೊಂದು ದೊಡ್ಡ ಕಂಪ್ಯೂಟರಿನ ಸಮಯವನ್ನು ಬಾಡಿಗೆಗೆ ಪಡೆದು, ದರ ಕಡಿಮೆಯಿರುವ ರಾತ್ರಿಯ ಹೊತ್ತಿನಲ್ಲಿ ಕೆಲಸ ಸಾಗಿತು. 1979ರಲ್ಲಿ ಆಪಲ್ 2 ಕಂಪ್ಯೂಟರಿಗಾಗಿ ವಿಸಿಕ್ಯಾಲ್ಕ್ ಹೊರಬಂತು. ಅದರಲ್ಲಿ 63 ಕಾಲಂ, 254 ಸಾಲು. ಕಾಲಮ್ಮಿಗೆ ಅಕ್ಷರ, ಸಾಲಿಗೆ ಅಂಕಿ, ಎರಡೂ ಸೇರಿ ಕೋಶದ ವಿಳಾಸ ಎಂಬ ಇಂದಿನ ಪದ್ಧತಿ ಅಲ್ಲೇ ನೆಲೆಯಾಯಿತು. ಈ ಒಂದು ಪ್ರೋಗ್ರಾಂ ಬೇಕೆಂದೇ ಜನ ಕಂಪ್ಯೂಟರ್ ಕೊಂಡರು.

ವಿಸಿಕ್ಯಾಲ್ಕ್ ಕಟ್ಟಿದ್ದು ಲೆಕ್ಕ ಹಾಕುವವರಿಗಾಗಿ. ಅಂಕಿಗಳನ್ನು ಬಳಕೆದಾರರೇ ಒಂದೊಂದಾಗಿ ಒತ್ತುತ್ತಾರೆ, ಒತ್ತಿದ್ದು ಸರಿಯಿರುತ್ತದೆ ಎಂಬ ನಂಬಿಕೆ ಅದರ ತಳದಲ್ಲಿತ್ತು. ಹೊರಗಿನ ಸಾವಿರಾರು ಸಾಲುಗಳು ಹಾಳೆಗೆ ಸುರಿಯತೊಡಗಿದಾಗ ಆ ನಂಬಿಕೆ ಉಳಿಯಲಿಲ್ಲ.

ಒಳಗೆ ತರುವ ಕೆಲಸ

ಒಂದು ಪ್ರೋಗ್ರಾಮಿನ ಅಂಕಿಗಳನ್ನು ಇನ್ನೊಂದಕ್ಕೆ ದಾಟಿಸಲು ಎರಡಕ್ಕೂ ಅರ್ಥವಾಗುವ ಬರವಣಿಗೆ ಬೇಕು. ವಿಸಿಕ್ಯಾಲ್ಕ್ ಕಟ್ಟಿದವರೇ ಅದಕ್ಕಾಗಿ ಡಿಐಎಫ್ ಎಂಬ ಕ್ರಮ ರೂಪಿಸಿದರು. ಮೈಕ್ರೋಸಾಫ್ಟ್ ತನ್ನ 1982ರ ಮಲ್ಟಿಪ್ಲಾನ್ ಜೊತೆ ಸಿಲ್ಕ್ ಎಂಬ ಇನ್ನೊಂದನ್ನು ತಂದಿತು. ಇವೆರಡನ್ನೂ ಮೀರಿ ಬಾಳಿದ್ದು ಇವಕ್ಕಿಂತ ಹಳೆಯದೂ ಸರಳವೂ ಆದ ಸಿಎಸ್‌ವಿ. ಒಂದು ದಾಖಲೆಗೆ ಒಂದು ಸಾಲು, ಒಂದು ಅಂಶಕ್ಕೂ ಮುಂದಿನದಕ್ಕೂ ನಡುವೆ ಅಲ್ಪವಿರಾಮ. 1972ರ ವೇಳೆಗೆ ಐಬಿಎಂ ಕಂಪನಿಯ ಫೋರ್ಟ್ರಾನ್ ಅಲ್ಪವಿರಾಮದಿಂದ ಬೇರ್ಪಟ್ಟ ಅಂಕಿಗಳನ್ನು ಓದಬಲ್ಲದಾಗಿತ್ತು. ದಶಕಗಳ ಕಾಲ ಎಲ್ಲರೂ ಬಳಸಿದ ಈ ಕ್ರಮಕ್ಕೆ ಬರೆದಿಟ್ಟ ವಿವರಣೆ ಬಂದದ್ದು 2005ರಲ್ಲಿ, ಇಂಟರ್‌ನೆಟ್ ಸಂಸ್ಥೆಗಳ ಆರ್‌ಎಫ್‌ಸಿ 4180 ಎಂಬ ದಾಖಲೆಯಾಗಿ.

ಅಷ್ಟರಲ್ಲಿ ಒಂದೊಂದು ಕಡೆ ಒಂದೊಂದು ರೂಢಿ ಬೇರೂರಿತ್ತು. ದಶಾಂಶಕ್ಕೆ ಅಲ್ಪವಿರಾಮ ಬಳಸುವ ಜರ್ಮನಿಯಂಥ ದೇಶಗಳಲ್ಲಿ ಅಂಶಗಳ ನಡುವೆ ಅರ್ಧವಿರಾಮ ಬಂತು. ಭಾರತದ ಬರವಣಿಗೆಯಲ್ಲಿ ತೊಡಕು ಇನ್ನೊಂದು ಬಗೆಯದು. ಒಂದೂಕಾಲು ಲಕ್ಷವನ್ನು 1,25,000 ಎಂದು ಬರೆದು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಯಂತ್ರಕ್ಕೆ ಅದು ಒಂದು ಸಂಖ್ಯೆಯಾಗಿ ಕಾಣುವುದಿಲ್ಲ. 1, 25, 000 ಎಂಬ ಮೂರು ಅಂಶಗಳಾಗಿ ಮೂರು ಕಾಲಮ್ಮಿಗೆ ಹಂಚಿಹೋಗುತ್ತದೆ. ಆ ಸಾಲಿನ ಉಳಿದ ಅಂಶಗಳೆಲ್ಲ ಎರಡು ಮನೆ ಬಲಕ್ಕೆ ಜರುಗುತ್ತವೆ. ವಿಳಾಸದ ಮನೆಯಲ್ಲಿ ಹಣ, ಪಿನ್‌ಕೋಡಿನ ಮನೆಯಲ್ಲಿ ಊರ ಹೆಸರು ಕೂರುತ್ತದೆ.

1983ರ ಜನವರಿಯಲ್ಲಿ ಮಿಚ್ ಕೇಪರ್ ಮತ್ತು ಜೋನಾಥನ್ ಸಾಕ್ಸ್ ಹೊರತಂದ ಲೋಟಸ್ 1-2-3 ಲೆಕ್ಕದ ಹಾಳೆಗೆ ನಕ್ಷೆಯನ್ನೂ ದಾಖಲೆ ಹುಡುಕುವ ಸೌಕರ್ಯವನ್ನೂ ಜೋಡಿಸಿತು. ಹೆಸರಿನ ಮೂರು ಅಂಕಿಗಳು ಆ ಮೂರು ಕೆಲಸಗಳನ್ನೇ ಸೂಚಿಸುತ್ತವೆ. ಹೊರಗಿನ ಪಠ್ಯವನ್ನು ಹಾಳೆಗೆ ಎಳೆದುಕೊಳ್ಳುವ ಆಜ್ಞೆ ಅದರಲ್ಲಿತ್ತು. 1985ರ ಎರಡನೆಯ ಆವೃತ್ತಿಯಲ್ಲಿ ಪಾರ್ಸ್ ಎಂಬ ಆಜ್ಞೆ ಸೇರಿತು. ಒಂದೇ ಕೋಶದಲ್ಲಿ ಉದ್ದಕ್ಕೆ ಬಂದು ಬಿದ್ದ ಸಾಲನ್ನು ಎಲ್ಲಿ ಕತ್ತರಿಸಬೇಕೆಂದು ಗುರುತು ಕೊಟ್ಟರೆ ಅದು ಕಾಲಮ್ಮುಗಳಾಗಿ ಬಿಡಿಸುತ್ತಿತ್ತು. ಇಂದಿನ ಎಕ್ಸೆಲ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಎಂಬ ಗುಂಡಿ ಒತ್ತುವವರು ಮಾಡುವ ಕೆಲಸ ಅದೇ.

ಊಹೆಯ ಬೆಲೆ

ಕೋಶದಲ್ಲಿ ಏನನ್ನಾದರೂ ಒತ್ತಿದ ಕೂಡಲೇ ಅದು ಅಂಕಿಯೋ ಪದವೋ ದಿನಾಂಕವೋ ಎಂದು ಪ್ರೋಗ್ರಾಂ ನಿರ್ಧರಿಸಬೇಕು. ಕೇಳದೆ ನಿರ್ಧರಿಸುವುದು ಬಳಕೆದಾರರಿಗೆ ಅನುಕೂಲವೆಂದು ಆರಂಭದಲ್ಲೇ ಗೊತ್ತುಮಾಡಲಾಯಿತು. ದಿನಾಂಕವನ್ನು ಹಾಳೆ ದಿನಾಂಕವಾಗಿ ಇಟ್ಟುಕೊಳ್ಳುವುದಿಲ್ಲ. 1900ರ ಜನವರಿ 1ರಿಂದ ಎಷ್ಟನೆಯ ದಿನ ಎಂಬ ಕ್ರಮಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಲೋಟಸ್ 1-2-3 ಈ ಎಣಿಕೆಯಲ್ಲಿ 1900ನ್ನು ಅಧಿಕ ವರ್ಷವೆಂದು ಹಿಡಿದು, ಪಂಚಾಂಗದಲ್ಲಿ ಇಲ್ಲದ ಫೆಬ್ರವರಿ 29ಕ್ಕೂ ಒಂದು ಸಂಖ್ಯೆ ಕೊಟ್ಟಿತು. 1985ರಲ್ಲಿ ಮೆಕಿಂಟಾಷ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂದ ಎಕ್ಸೆಲ್, ಲೋಟಸ್ ಕಡತಗಳ ದಿನಾಂಕಗಳು ಒಂದು ದಿನ ಆಚೀಚೆ ಆಗಬಾರದೆಂದು ಆ ತಪ್ಪನ್ನು ತಿಳಿದೇ ಉಳಿಸಿಕೊಂಡಿತು. ಇಂದಿಗೂ ಎಕ್ಸೆಲ್‌ನಲ್ಲಿ 60ನೆಯ ದಿನವೆಂದರೆ 1900ರ ಫೆಬ್ರವರಿ 29.

ಹೆಚ್ಚು ಹಾನಿ ಮಾಡಿದ್ದು ಇದಲ್ಲ, ದಿನನಿತ್ಯದ ಊಹೆಗಳು. ಬೆಂಗಳೂರಿನ ದೂರವಾಣಿ ಸಂಕೇತ 080 ಹಾಳೆಗೆ ಬಂದರೆ ಮುಂದಿನ ಸೊನ್ನೆ ಉದುರಿ 80 ಆಗುತ್ತದೆ. 16 ಅಂಕಿಯ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಎಕ್ಸೆಲ್ 15 ಅಂಕಿಗಳಷ್ಟನ್ನೇ ನಿಖರವಾಗಿ ಹಿಡಿದಿಡುತ್ತದೆ. ಪಹಣಿಯ ಸರ್ವೆ ನಂಬರ್ 12/3 ಎಂದು ಒತ್ತಿದರೆ ಅದು ಮಾರ್ಚ್ 12 ಎಂಬ ದಿನಾಂಕವಾಗುತ್ತದೆ, ಅಮೆರಿಕದ ಹೊಂದಾಣಿಕೆಯಿರುವ ಯಂತ್ರದಲ್ಲಿ ಡಿಸೆಂಬರ್ 3. ನಿಜವಾದ ದಿನಾಂಕಗಳ ಗತಿಯೂ ಇಷ್ಟೇ. ಭಾರತದ ಕ್ರಮದಲ್ಲಿ ಬರೆದ ಪಟ್ಟಿಯನ್ನು ಅಮೆರಿಕದ ಹೊಂದಾಣಿಕೆಯಲ್ಲಿ ತೆರೆದರೆ ಏಪ್ರಿಲ್ 3 ಎಂಬುದು ಮಾರ್ಚ್ 4 ಆಗುತ್ತದೆ. ಏಪ್ರಿಲ್ 13ಕ್ಕೆ ಹದಿಮೂರನೆಯ ತಿಂಗಳಿಲ್ಲದ ಕಾರಣ ಅದು ಪದವಾಗಿಯೇ ಉಳಿಯುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಿರುಗುಮುರುಗಾದ ದಿನಾಂಕಗಳು, ಕೆಲವು ಬರೀ ಪದಗಳು. ಪದಗಳು ಕೋಶದ ಎಡಕ್ಕೂ ದಿನಾಂಕಗಳು ಬಲಕ್ಕೂ ಅಂಟಿಕೊಳ್ಳುವುದೊಂದೇ ಅಲ್ಲಿ ಕಣ್ಣಿಗೆ ಸಿಗುವ ಸುಳಿವು.

ಇದರ ಪೆಟ್ಟು ವಿಜ್ಞಾನಕ್ಕೂ ಬಿತ್ತು. ಸೆಪ್ಟಿನ್ ಬಗೆಯ ವಂಶವಾಹಿಗಳ ಚುಟುಕು ಹೆಸರು ಸೆಪ್ಟ್ 2 ಎಂಬಂತೆ, ಇನ್ನೊಂದು ಬಗೆಯದು ಮಾರ್ಚ್ 1 ಎಂಬಂತೆ ಇತ್ತು. ಎಕ್ಸೆಲ್ ಅವನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂದು ಮಾಡಿಬಿಡುತ್ತಿತ್ತು. 2310009ಇ13 ಎಂಬಂಥ ಗುರುತುಸಂಖ್ಯೆಯ ನಡುವಿನ ಅಕ್ಷರವನ್ನು ಘಾತದ ಚಿಹ್ನೆ ಎಂದು ತಿಳಿದು ಭಾರಿ ಸಂಖ್ಯೆಯೊಂದನ್ನು ಅಲ್ಲಿ ಕೂರಿಸುತ್ತಿತ್ತು. 2004ರಲ್ಲೇ ಸಂಶೋಧಕರು ಈ ಬಗ್ಗೆ ಎಚ್ಚರಿಸಿದರು. 2016ರಲ್ಲಿ ಮಾರ್ಕ್ ಝೀಮನ್ ಮತ್ತು ಸಂಗಡಿಗರು ಪ್ರಕಟಿತ ಲೇಖನಗಳ ಜೊತೆಗಿದ್ದ ಎಕ್ಸೆಲ್ ಪಟ್ಟಿಗಳನ್ನು ಪರೀಕ್ಷಿಸಿದಾಗ, ವಂಶವಾಹಿಗಳ ಪಟ್ಟಿಯಿದ್ದ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಇಂಥ ತಪ್ಪು ಸಿಕ್ಕಿತು. 2020ರಲ್ಲಿ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಹೆಸರುಗಳನ್ನೇ ಬದಲಿಸಿತು. ತಂತಾನೇ ನಡೆಯುವ ಈ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಯನ್ನು ಎಕ್ಸೆಲ್ 2023ರಲ್ಲಿ ಕೊಟ್ಟಿತು.

ಹಸನು ಮಾಡುವ ಉಪಕರಣಗಳು

ಕಾಳನ್ನು ಕೇರಿ, ಜರಡಿ ಹಿಡಿದು, ಕಲ್ಲು ಆರಿಸುವಂತೆ ದತ್ತಾಂಶವನ್ನು ಹಸನು ಮಾಡುವ ಕೆಲಸವೂ ಹಂತ ಹಂತವಾದದ್ದು. ಮೊದಲ ಹಂತ ಕಣ್ಣಿಗೆ ಕಾಣದ ಕಸ. ಪಟ್ಟಿಯಲ್ಲಿ ಮಂಡ್ಯ ಎಂಬ ಹೆಸರು ಎರಡು ಬಾರಿ ಬಂದು, ಒಂದರ ಕೊನೆಗೆ ಖಾಲಿ ಜಾಗವೊಂದು ಅಂಟಿದ್ದರೆ ಓದುವವರಿಗೆ ಎರಡೂ ಒಂದೇ ಊರು, ಯಂತ್ರಕ್ಕೆ ಎರಡು ಬೇರೆ ಊರು. ಲೋಟಸ್ 1-2-3 ಎರಡನೆಯ ಆವೃತ್ತಿಯಲ್ಲೇ ಇದಕ್ಕೆ ಟ್ರಿಮ್ ಮತ್ತು ಕ್ಲೀನ್ ಎಂಬ ಸೂತ್ರಗಳು ಬಂದವು. ಟ್ರಿಮ್ ಹಿಂದುಮುಂದಿನ ಖಾಲಿ ಜಾಗಗಳನ್ನು ಕತ್ತರಿಸಿ, ಪದಗಳ ನಡುವೆ ಒಂದನ್ನಷ್ಟೇ ಉಳಿಸುತ್ತದೆ. ಕ್ಲೀನ್ ಅಚ್ಚಿನಲ್ಲಿ ಕಾಣದ ನಿಯಂತ್ರಣ ಸಂಕೇತಗಳನ್ನು ತೆಗೆಯುತ್ತದೆ. ವೆಬ್ ಪುಟಗಳಿಂದ ನಕಲು ಮಾಡುವ ಕಾಲ ಬಂದ ಮೇಲೆ ಹೊಸ ಕಸ ಸೇರಿತು. ಸಾಲು ಒಡೆಯದಂತೆ ಹಿಡಿಯುವ ಇನ್ನೊಂದು ಬಗೆಯ ಖಾಲಿ ಜಾಗ ನೋಡಲು ಸಾಮಾನ್ಯ ಜಾಗದಂತೆಯೇ ಇದ್ದರೂ ಅದರ ಸಂಕೇತ 160. ಟ್ರಿಮ್ ಅದನ್ನು ಮುಟ್ಟುವುದಿಲ್ಲ. ಮೊದಲು ಅದನ್ನು ಸಾಮಾನ್ಯ ಜಾಗಕ್ಕೆ ಬದಲಿಸಿ, ಆಮೇಲೆ ಟ್ರಿಮ್ ಹಾಕಬೇಕು.

ಎರಡನೆಯ ಹಂತ ಮತ್ತೆ ಮತ್ತೆ ಬಂದ ಸಾಲುಗಳು. ಲೋಟಸ್ ಪ್ರೋಗ್ರಾಮಿನ ಹುಡುಕಾಟದ ಆಜ್ಞೆಗಳಲ್ಲಿ ಒಂದೊಂದು ಬಗೆಯದನ್ನು ಒಂದೇ ಬಾರಿ ಹೆಕ್ಕಿಕೊಡುವ ಆಜ್ಞೆಯಿತ್ತು. ಎಕ್ಸೆಲ್ 2007ರ ಆವೃತ್ತಿಯಲ್ಲಿ ಪುನರಾವರ್ತನೆ ಅಳಿಸುವುದಕ್ಕೇ ಒಂದು ಗುಂಡಿ ಇಟ್ಟಿತು. ಹಳೆಯ ಆಜ್ಞೆ ಮೂಲವನ್ನು ಮುಟ್ಟದೆ ಬೇರೆ ಜಾಗದಲ್ಲಿ ನಕಲು ಕೊಡುತ್ತಿತ್ತು. ಹೊಸ ಗುಂಡಿ ಮೂಲದಿಂದಲೇ ಸಾಲುಗಳನ್ನು ಅಳಿಸುತ್ತದೆ. ಒಂದೇ ಹೆಸರಿನ ಇಬ್ಬರು ರೈತರು ಎರಡು ಸಾಲಾಗಿದ್ದು, ಹೆಸರಿನ ಕಾಲಂ ಒಂದನ್ನೇ ಆರಿಸಿ ಗುಂಡಿ ಒತ್ತಿದರೆ ಎರಡನೆಯವರು ಪಟ್ಟಿಯಿಂದಲೇ ಹೋಗುತ್ತಾರೆ.

ಮೂರನೆಯ ಹಂತ ಒಂದೇ ಹೆಸರಿನ ಹಲವು ರೂಪಗಳು. 2010ರಲ್ಲಿ ಮೆಟಾವೆಬ್ ಕಂಪನಿ ಗ್ರಿಡ್‌ವರ್ಕ್ಸ್ ಎಂಬ ಉಪಕರಣ ಹೊರತಂದಿತು. ಗೂಗಲ್ ಆ ಕಂಪನಿಯನ್ನು ಕೊಂಡ ಮೇಲೆ ಅದು ಗೂಗಲ್ ರಿಫೈನ್ ಆಯಿತು, 2012ರಿಂದ ಓಪನ್‌ರಿಫೈನ್ ಎಂಬ ಮುಕ್ತ ತಂತ್ರಾಂಶವಾಗಿ ಮುಂದುವರಿದಿದೆ. ಅದರ ಜಾಣ್ಮೆ ಸರಳವಾದದ್ದು. ಪ್ರತಿ ಹೆಸರಿನಿಂದ ವಿರಾಮಚಿಹ್ನೆ ತೆಗೆದು, ಪದಗಳಾಗಿ ಒಡೆದು, ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿ, ಮರುಕಳಿಸಿದ್ದನ್ನು ಬಿಟ್ಟು, ಮತ್ತೆ ಕೂಡಿಸಿ ಒಂದು ಬೆರಳಚ್ಚು ಮಾಡುತ್ತದೆ. ರಾಮಪ್ಪ ಗೌಡ ಎಂಬುದಕ್ಕೂ, ನಡುವೆ ಅಲ್ಪವಿರಾಮವಿರುವ ಗೌಡ, ರಾಮಪ್ಪ ಎಂಬುದಕ್ಕೂ ಆಗ ಒಂದೇ ಬೆರಳಚ್ಚು ಬರುತ್ತದೆ. ಅವನ್ನು ಗುಂಪುಮಾಡಿ ತೋರಿಸಿ, ಇವರು ಒಬ್ಬರೇ ಹೌದೇ ಎಂದು ಉಪಕರಣ ಕೇಳುತ್ತದೆ. ಉತ್ತರ ಹೇಳಬೇಕಾದವರು ಮನುಷ್ಯರೇ. ಮಾಡಿದ ಪ್ರತಿ ಬದಲಾವಣೆಯೂ ಪಕ್ಕದ ಪಟ್ಟಿಯಲ್ಲಿ ದಾಖಲಾಗುತ್ತದೆ.

ನಾಲ್ಕನೆಯದು ಒಡೆದು ಜೋಡಿಸುವ ಕೆಲಸ. ಒಂದೇ ಕೋಶದ ಹೆಸರು, ಇನಿಷಿಯಲ್, ಊರುಗಳನ್ನು ಬೇರ್ಪಡಿಸಲು ಸೂತ್ರ ಬರೆಯಲಾರದವರೇ ಹೆಚ್ಚು. ಕಾನ್ಪುರದ ಐಐಟಿಯಲ್ಲಿ ಓದಿ ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗ ಸೇರಿದ ಸುಮಿತ್ ಗುಲ್ವಾನಿ, ಬಳಕೆದಾರರು ಒಂದೆರಡು ಉದಾಹರಣೆ ಕೊಟ್ಟರೆ ಯಂತ್ರವೇ ಸೂತ್ರ ಕಂಡುಕೊಳ್ಳುವ ವಿಧಾನವನ್ನು 2011ರಲ್ಲಿ ಪ್ರಕಟಿಸಿದರು. ಅದು ಫ್ಲ್ಯಾಶ್ ಫಿಲ್ ಎಂಬ ಹೆಸರಿನಲ್ಲಿ ಎಕ್ಸೆಲ್ 2013ಕ್ಕೆ ಸೇರಿತು. ಇದೂ ಊಹೆಯೇ. ಆದರೆ ಊಹಿಸಿದ್ದನ್ನು ಮೊದಲು ಮಸುಕಾಗಿ ತೋರಿಸಿ, ಒಪ್ಪಿದರಷ್ಟೇ ತುಂಬುತ್ತದೆ.

ಕನ್ನಡದ ಕಾಲಂ

ಕನ್ನಡದ ದತ್ತಾಂಶಕ್ಕೆ ಇನ್ನೊಂದು ಪದರದ ತೊಡಕಿತ್ತು. ನುಡಿಯಂಥ ಹಳೆಯ ತಂತ್ರಾಂಶಗಳ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ರೋಮನ್ ಅಕ್ಷರಗಳ ಸಂಕೇತಗಳಲ್ಲಿ ಕೂತಿರುತ್ತಿದ್ದವು. ಆ ಫಾಂಟು ಇರುವವರೆಗೆ ಪರದೆಯ ಮೇಲೆ ಕನ್ನಡ. ಫಾಂಟು ಬದಲಾದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕುವುದು, ಅಕಾರಾದಿಯಾಗಿ ಜೋಡಿಸುವುದು ಸಾಮಾನ್ಯ ಹಾಳೆಯಲ್ಲಿ ಸಾಧ್ಯವಾಗುತ್ತಿರಲಿಲ್ಲ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳು ಸಿಕ್ಕಿದ್ದರೂ ಕಚೇರಿಗಳ ಬಳಕೆಗೆ ಅವು ಇಳಿಯಲು ವರ್ಷಗಳು ಹಿಡಿದವು. ಈಗಲೂ ಹಳೆಯ ಪಟ್ಟಿಯನ್ನು ಮೊದಲು ಯುನಿಕೋಡಿಗೆ ಪರಿವರ್ತಿಸದೆ ಬೇರೆ ಯಾವ ಶುದ್ಧಿಯೂ ಆರಂಭವಾಗುವುದಿಲ್ಲ.

ಯುನಿಕೋಡ್ ಬಂದ ಮೇಲೂ ಎಚ್ಚರ ಬೇಕು. ಕೋಲಾರ ಎಂಬ ಪದದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘದ ಗುರುತು ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಕೋಲಾರವೇ, ಒಳಗಿನ ಬರವಣಿಗೆ ಮಾತ್ರ ಬೇರೆ. ಯುನಿಕೋಡ್ ಸಂಕೇತಗಳನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಕ್ರಮದ ಸಿಎಸ್‌ವಿ ಕಡತದ ತಲೆಯಲ್ಲಿ ಆ ಕ್ರಮದ ಗುರುತು ಇಲ್ಲದಿದ್ದರೆ, ಅದನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡವೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಒಡೆಯುತ್ತದೆ. ಆಮದಿನ ದಾರಿಯಿಂದ ತಂದು, ಸಂಕೇತಕ್ರಮ ಯಾವುದೆಂದು ಹೇಳಿದರೆ ಅಕ್ಷರಗಳು ಉಳಿಯುತ್ತವೆ.

ಕರ್ನಾಟಕ ಕಂಡ ದೊಡ್ಡ ಶುದ್ಧಿಕಾರ್ಯವೆಂದರೆ 2000ದ ಆಸುಪಾಸಿನ ಭೂಮಿ ಯೋಜನೆ. ಅದು ನಡೆದದ್ದು ಸ್ಪ್ರೆಡ್‌ಶೀಟಿನಲ್ಲಲ್ಲ, ದತ್ತಸಂಚಯದಲ್ಲಿ. ಆದರೂ ಕೆಲಸದ ಬಗೆ ಇದೇ. ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರಿಗೆ ಏರಿಸಿದರು. ಏರಿಸಿದ್ದನ್ನು ಮತ್ತೆ ಕಾಗದದ ಮೇಲೆ ಅಚ್ಚು ತೆಗೆದು, ಗ್ರಾಮ ಲೆಕ್ಕಿಗರು ಮೂಲ ಪಹಣಿಯೊಂದಿಗೆ ಹೋಲಿಸಿ ತಪ್ಪು ಗುರುತಿಸಿದರು. ತಿದ್ದಿದ ಮೇಲಷ್ಟೇ ದಾಖಲೆ ಬಳಕೆಗೆ ಬಂತು.

ಗೋಷ್ವಾರೆ

ಹಸನಾದ ಸಾಲುಗಳಿಂದ ಸಾರ ತೆಗೆಯುವುದು ಕೊನೆಯ ಕೆಲಸ. ವಿಸಿಕ್ಯಾಲ್ಕ್ ಕೂಡುವ ಮತ್ತು ಸರಾಸರಿ ತೆಗೆಯುವ ಸೂತ್ರಗಳನ್ನು ಕೊಟ್ಟಿತ್ತು. ಜಿಲ್ಲೆವಾರು, ಬೆಳೆವಾರು ಮೊತ್ತ ಬೇಕೆಂದರೆ ಒಂದೊಂದು ಜಿಲ್ಲೆಗೂ ಬೇರೆ ಸೂತ್ರ ಬರೆಯಬೇಕಿತ್ತು. ಜಿಲ್ಲೆ ಅಡ್ಡಕ್ಕಿದ್ದದ್ದನ್ನು ಉದ್ದಕ್ಕೆ ಮಾಡಬೇಕೆಂದರೆ ಎಲ್ಲವನ್ನೂ ಮತ್ತೆ ಬರೆಯಬೇಕಿತ್ತು. ಲೋಟಸ್ ಕಂಪನಿಯಲ್ಲಿದ್ದ ಪೀಟೊ ಸಾಲಾಸ್ ಬಳಕೆದಾರರ ಹಾಳೆಗಳನ್ನು ಗಮನಿಸಿ, ದತ್ತಾಂಶ ಒಂದೆಡೆ, ಅದನ್ನು ನೋಡುವ ಬಗೆ ಇನ್ನೊಂದೆಡೆ ಇರಬೇಕೆಂದು ಯೋಚಿಸಿದರು. ಆ ಯೋಚನೆಯ ಫಲ 1991ರಲ್ಲಿ ನೆಕ್ಸ್ಟ್ ಕಂಪ್ಯೂಟರಿಗೆ ಬಂದ ಲೋಟಸ್ ಇಂಪ್ರಾವ್. ಕಾಲಮ್ಮಿನ ಹೆಸರನ್ನು ಹಿಡಿದು ಎಳೆದು ಇನ್ನೊಂದು ಬದಿಗೆ ಬಿಟ್ಟರೆ ಇಡೀ ತಖ್ತೆಯೇ ತಿರುಗುತ್ತಿತ್ತು. ಇಂಪ್ರಾವ್ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಆದರೆ 1993ರಲ್ಲಿ ಎಕ್ಸೆಲ್ 5 ಪಿವಟ್ ಟೇಬಲ್ ಎಂಬ ಹೆಸರಿನಲ್ಲಿ ಈ ಸೌಕರ್ಯವನ್ನು ತಂದು ಮನೆಮಾತು ಮಾಡಿತು. ಹತ್ತು ಸಾವಿರ ಸಾಲುಗಳ ಮಾರಾಟದ ಪಟ್ಟಿಯಲ್ಲಿ ಜಿಲ್ಲೆಯನ್ನು ಸಾಲಿಗೆ, ತಿಂಗಳನ್ನು ಕಾಲಮ್ಮಿಗೆ, ಮೊತ್ತವನ್ನು ಮಧ್ಯಕ್ಕೆ ಎಳೆದರೆ ಗೋಷ್ವಾರೆ ಸಿದ್ಧ. ಮೂಲದ ಒಂದು ಕೋಶವೂ ಬದಲಾಗುವುದಿಲ್ಲ.

ಪಿವಟ್ ಟೇಬಲ್ ಒಳ್ಳೆಯ ಪರೀಕ್ಷಕವೂ ಹೌದು. ಜಿಲ್ಲೆಯನ್ನು ಸಾಲಿಗೆ ಎಳೆದಾಗ ಮಂಡ್ಯ ಎರಡು ಸಾಲಿನಲ್ಲಿ ಕಾಣಿಸಿಕೊಂಡರೆ ಶುದ್ಧಿ ಮುಗಿದಿಲ್ಲವೆಂದು ತಿಳಿಯುತ್ತದೆ. ಕೈಯಲ್ಲಿ ಬರೆದ ಸೂತ್ರ ಹೀಗೆ ಹೇಳಿಕೊಡುವುದಿಲ್ಲ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಅರ್ಥಶಾಸ್ತ್ರಜ್ಞರು ಸರ್ಕಾರಗಳ ಸಾಲ ಮತ್ತು ಬೆಳವಣಿಗೆಯ ಸಂಬಂಧ ಕುರಿತು 2010ರಲ್ಲಿ ಬರೆದ ಲೇಖನ ಹಲವು ದೇಶಗಳ ನೀತಿಚರ್ಚೆಯಲ್ಲಿ ಉಲ್ಲೇಖಗೊಂಡಿತ್ತು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್ಡನ್ ಆ ಇಬ್ಬರ ಹಾಳೆಯನ್ನು ಪಡೆದು ನೋಡಿದಾಗ ಸರಾಸರಿಯ ಸೂತ್ರ 49ನೆಯ ಸಾಲಿನವರೆಗೆ ಹೋಗಬೇಕಾದದ್ದು 44ನೆಯ ಸಾಲಿಗೇ ನಿಂತಿತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ದೇಶಗಳು ಲೆಕ್ಕದ ಹೊರಗಿದ್ದವು. ಲೇಖನದ ಇತರ ಆಯ್ಕೆಗಳ ಬಗೆಗೂ ಆಕ್ಷೇಪಗಳಿದ್ದವು. ಎಲ್ಲವನ್ನೂ ಸರಿಪಡಿಸಿದರೆ, ಹೆಚ್ಚು ಸಾಲವಿದ್ದ ದೇಶಗಳ ಸರಾಸರಿ ಬೆಳವಣಿಗೆ ಶೇ. 0.1ರ ಕುಸಿತವಲ್ಲ, ಶೇ. 2.2ರ ಏರಿಕೆ ಎಂದು ಹರ್ನ್ಡನ್ ಮತ್ತು ಅವರ ಪ್ರಾಧ್ಯಾಪಕರು ತೋರಿಸಿದರು. ಮೂಲ ಹಾಳೆಯನ್ನು ಲೇಖಕರೇ ಕೊಟ್ಟಿದ್ದರಿಂದ ತಪ್ಪು ಹೊರಬಂತು.

ಸದ್ದಿಲ್ಲದೆ ಬಿದ್ದ ಸಾಲುಗಳು

ಹಾಳೆಯ ಉದ್ದಕ್ಕೂ ಮಿತಿಯಿದೆ. ಮೊದಲ ಎಕ್ಸೆಲ್‌ನಲ್ಲಿ 16,384 ಸಾಲು, ಎಕ್ಸೆಲ್ 97ರಲ್ಲಿ 65,536, 2007ರಿಂದ 10,48,576. ಹಳೆಯ ಕಡತಕ್ರಮವಾದ ಎಕ್ಸ್‌ಎಲ್‌ಎಸ್ ಬಳಸಿದರೆ ಇಂದಿಗೂ 65,536ನೆಯ ಸಾಲಿಗೆ ಹಾಳೆ ಮುಗಿಯುತ್ತದೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಗೆ ಪ್ರಯೋಗಾಲಯಗಳಿಂದ ಕೋವಿಡ್ ಪರೀಕ್ಷೆಯ ಫಲಿತಾಂಶಗಳು ಸಿಎಸ್‌ವಿ ರೂಪದಲ್ಲಿ ಬರುತ್ತಿದ್ದವು. ಅವನ್ನು ಹಳೆಯ ಎಕ್ಸ್‌ಎಲ್‌ಎಸ್ ನಮೂನೆಗೆ ತುಂಬುವಾಗ ಒಬ್ಬೊಬ್ಬರ ಫಲಿತಾಂಶಕ್ಕೆ ಹಲವು ಸಾಲು ಬೇಕಾಗುತ್ತಿತ್ತು. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ಹೀಗೆ ದಿನದ ಲೆಕ್ಕದಿಂದ ಬಿಟ್ಟುಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ಅಷ್ಟು ದಿನ ತಡವಾಯಿತು. ಒಳಬಂದ ಸಾಲೆಷ್ಟು, ಹಾಳೆಯಲ್ಲಿ ನಿಂತ ಸಾಲೆಷ್ಟು ಎಂಬ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟಿದ್ದರೆ ಮೊದಲ ದಿನವೇ ಗೊತ್ತಾಗಬೇಕಿದ್ದ ತಪ್ಪು ಅದು. ಕಾರ್ಡಿನ ಕಟ್ಟಿಗೆ ಚೀಟಿ ಇಡುತ್ತಿದ್ದ ಹಳೆಯ ಗುಮಾಸ್ತರಿಗೆ ತಿಳಿದಿದ್ದ ಪದ್ಧತಿಯೂ ಅದೇ.

ಮತ್ತೆ ಮೂರು ಪುಸ್ತಕಗಳು

2013ರಲ್ಲಿ ಎಕ್ಸೆಲ್‌ಗೆ ಜೋಡಣೆಯಾಗಿ ಬಂದು 2016ರಿಂದ ಅದರೊಳಗೇ ಸೇರಿದ ಪವರ್ ಕ್ವೆರಿ, ತರುವ ಮತ್ತು ಹಸನು ಮಾಡುವ ಕೆಲಸಗಳ ಕ್ರಮವನ್ನೇ ಬದಲಿಸಿತು. ಮೂಲ ಕಡತ ಹೊರಗೆ ಇದ್ದಲ್ಲೇ ಇರುತ್ತದೆ. ಈ ಕಾಲಂ ತೆಗೆ, ಇದನ್ನು ಪದವಾಗಿಯೇ ಇಡು, ಖಾಲಿ ಜಾಗ ಕತ್ತರಿಸು, ಇನ್ನೊಂದು ಪಟ್ಟಿಯೊಂದಿಗೆ ಜೋಡಿಸು ಎಂಬ ಪ್ರತಿ ಹೆಜ್ಜೆಯೂ ಪಕ್ಕದಲ್ಲಿ ಪಟ್ಟಿಯಾಗಿ ಉಳಿಯುತ್ತದೆ. ಮುಂದಿನ ತಿಂಗಳ ಕಡತ ಬಂದಾಗ ರಿಫ್ರೆಶ್ ಒತ್ತಿದರೆ ಅದೇ ಹೆಜ್ಜೆಗಳು ಅದೇ ಕ್ರಮದಲ್ಲಿ ಮತ್ತೆ ನಡೆಯುತ್ತವೆ. ಯಾವ ಹೆಜ್ಜೆಯಲ್ಲಿ ಸಾಲು ಕಡಿಮೆಯಾಯಿತು ಎಂದು ಹಿಂದೆ ಹೋಗಿ ನೋಡಬಹುದು. ತಪ್ಪಿದ ಅಂಕಿಯ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕುತ್ತಿದ್ದ ಶಿಸ್ತು ಹೊಸ ರೂಪದಲ್ಲಿ ಹಾಳೆಗೆ ಮರಳಿದ್ದು ಹೀಗೆ.

2018ರಲ್ಲಿ ಕಾರ್ಲ್ ಬ್ರೋಮನ್ ಮತ್ತು ಕಾರಾ ವೂ ಹಾಳೆಯಲ್ಲಿ ದತ್ತಾಂಶ ಇಡುವವರಿಗೆ ಕೆಲವು ನಿಯಮಗಳನ್ನು ಬರೆದರು. ಒಂದು ಕೋಶದಲ್ಲಿ ಒಂದೇ ಸಂಗತಿ ಇರಲಿ. ದಿನಾಂಕವನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಬರೆಯಿರಿ. ಖಾಲಿ ಕೋಶ ಬಿಡಬೇಡಿ. ಬಣ್ಣವನ್ನೇ ಮಾಹಿತಿಯಾಗಿ ಬಳಸಬೇಡಿ. ಕಚ್ಚಾ ದತ್ತಾಂಶದ ಹಾಳೆಯಲ್ಲಿ ಲೆಕ್ಕ ಹಾಕಬೇಡಿ. ಇವುಗಳಲ್ಲಿ ಹೆಚ್ಚಿನವು ವೆನಿಸ್ ವರ್ತಕರಿಗೂ ಕನ್ನಡನಾಡಿನ ಲೆಕ್ಕಿಗರಿಗೂ ಹೊಸದೆನಿಸುತ್ತಿರಲಿಲ್ಲ.

ಐದು ಶತಮಾನಗಳ ಈ ಅನುಭವದಿಂದ ಹಾಳೆಯ ಮುಂದೆ ಕೂರುವವರಿಗೆ ಉಳಿದಿರುವ ಕಟ್ಟಳೆಗಳು ಮೂರು. ಬಂದ ಕಡತವನ್ನು ಬಂದ ಹಾಗೆಯೇ ಒಂದು ಕಡೆ ಇಟ್ಟು ಮುಟ್ಟದಿರಬೇಕು. ತಿದ್ದಿದ್ದೆಲ್ಲ ಇನ್ನೊಬ್ಬರ ಕಣ್ಣಿಗೆ ಕಾಣುವಂತೆ ಬರೆದಿಡಬೇಕು. ಒಳಬಂದ ಸಾಲುಗಳಿಗೂ ಗೋಷ್ವಾರೆಯ ಮೊತ್ತಕ್ಕೂ ತಾಳೆ ನೋಡದೆ ಲೆಕ್ಕವನ್ನು ಮುಂದಕ್ಕೆ ಕಳಿಸಬಾರದು. ಹಾಲರಿತ್‌ನ ಗಂಟೆ ಇಂದಿನ ಹಾಳೆಯಲ್ಲಿಲ್ಲ. ತಾಳೆ ನೋಡುವವರೇ ಅದನ್ನು ಬಾರಿಸಬೇಕು.